ಕಟ್ಟಿಗೆ ಚೀಲದ ಲೆಕ್ಕ: ಐದನೇ ತಿಂಗಳು

ಧಾರವಾಡದಲ್ಲಿ ಮಳೆ ಹಿಡಿದಿದೆ. ಉರುವಲು ಕಟ್ಟಿಗೆ ತರಿಸಿ, ಸೀಳಿಸಿ, ಒಣಗಿಸಿ ಹತ್ತು ಕೆಜಿ ಚೀಲದಲ್ಲಿ ಮಾರೋದು ನನ್ನ ವ್ಯಾಪಾರ. ಹೊರಗೆ ಕೆಲಸ ಇಲ್ಲ, ಅದಕ್ಕೇ ಜನವರಿಯಿಂದ ಇಲ್ಲಿಯವರೆಗಿನ ಲೆಕ್ಕವನ್ನೆಲ್ಲ ಕೂತು ಬರೆಯುತ್ತಿದ್ದೇನೆ.

ಮೊದಲ ಲೋಡ್ ನವಲಗುಂದದ ಕಡೆಯಿಂದ ಬಂತು. ಒಂದು ಟನ್ ಹಸಿ ಬಳ್ಳಾರಿ ಜಾಲಿ, ಮನೆ ಮುಟ್ಟುವವರೆಗೆ ಕೆಜಿಗೆ 4 ರೂಪಾಯಿ ಬಿತ್ತು. ಜಾಲಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಕೆಂಡ ಗಟ್ಟಿ ನಿಲ್ಲುತ್ತದೆ, ಮತ್ತೆ ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಇದನ್ನು ಕಡಿಯಲು ಅನುಮತಿ ಬೇಕಿಲ್ಲ. ನೀಲಗಿರಿಗೂ ಬೇಕಿಲ್ಲ, ಆದರೆ ಅದು ಬೇಗ ಹತ್ತಿ ಬೇಗ ಮುಗಿಯುತ್ತದೆ. ಒಣಗಿದ ಮೇಲೆ ಅದನ್ನು ಸೀಳೋದಂತೂ ಕೈ ನೋವಿನ ಕೆಲಸ.

ಸೀಳಿದ್ದಕ್ಕೆ 1,200 ರೂಪಾಯಿ ಕೂಲಿ. ಚೀಲ ಒಂದಕ್ಕೆ 9. ಉಳ್ಳಾಗಡ್ಡಿ ತುಂಬುವ ಜಾಳಿಗೆ ಚೀಲವೇ ಸರಿ, ಗಾಳಿ ಆಡುತ್ತದೆ. ಟಂಟಂ (ಸಾಮಾನು ಸಾಗಿಸುವ ಆಟೋ) ಬಾಡಿಗೆ ಚೀಲಕ್ಕೆ ಸುಮಾರು 15. ಹತ್ತು ಕೆಜಿ ಚೀಲಕ್ಕೆ ನಾನು ಹಾಕಿದ್ದು ಹೀಗೆ: ಕಟ್ಟಿಗೆ 40, ಕೂಲಿ 12, ಚೀಲ 9, ಬಾಡಿಗೆ 15, ಒಟ್ಟು 76. ಮಾರಿದ್ದು 90ಕ್ಕೆ. ಚೀಲಕ್ಕೆ 14 ರೂಪಾಯಿ ಉಳಿಯುತ್ತದೆ ಅಂತ ಖುಷಿಯಾಗಿದ್ದೆ.

ಆರೇಳು ವಾರ ಒಣಗಿಸಿ ತುಂಬಲು ಕೂತರೆ ನೂರು ಚೀಲ ಆಗಬೇಕಿದ್ದದ್ದು 68 ಆಯ್ತು! ಕಳ್ಳತನ ಆಗಿದೆಯಾ ಅಂತ ಅನುಮಾನವೂ ಬಂತು. ಏನೂ ಆಗಿರಲಿಲ್ಲ, ನೀರು ಹೋಗಿತ್ತು ಅಷ್ಟೇ. 1,000 ಕೆಜಿ ಒಣಗಿ 720ಕ್ಕೆ ಇಳಿದಿತ್ತು, ತೊಗಟೆ, ಚಕ್ಕೆ, ಮಣ್ಣು ಅಂತ ಇನ್ನೂ 40 ಕೆಜಿ ಹೋಯ್ತು. ಅಂದರೆ ನಾನು 4 ರೂಪಾಯಿ ಕೊಟ್ಟು ತಂದದ್ದು ಕಟ್ಟಿಗೆ ಮತ್ತು ನೀರು, ಮಾರೋದು ಬರೀ ಕಟ್ಟಿಗೆ. ಕೈಗೆ ಬಂದ ದುಡ್ಡು 6,120. ಖರ್ಚು 6,832. ಹೋಳಿ ಹೊತ್ತಿಗೆ ಓಣಿಯ ಹುಡುಗರು ಕಾಮಣ್ಣನಿಗೆ ಅಂತ ಹತ್ತು ಚೀಲ ಒಯ್ದಾಗ ವ್ಯಾಪಾರ ಕುದುರಿತು ಅಂದುಕೊಂಡಿದ್ದೆ, ಆದರೆ ಆ ಪ್ರತಿ ಚೀಲಕ್ಕೂ ಹತ್ತು ರೂಪಾಯಿ ಕೈಯಿಂದ ಹೋಗುತ್ತಿತ್ತು.

ಈಗ ಒಣ ತೂಕದ ಮೇಲೇ ಲೆಕ್ಕ. ಹಸಿ ಕಟ್ಟಿಗೆಯ ದರ ಮತ್ತು ಸೀಳುವ ಕೂಲಿ ಎರಡನ್ನೂ 0.68ರಿಂದ ಭಾಗಿಸುತ್ತೇನೆ. ಆಗ ಚೀಲದ ಅಸಲು ಸುಮಾರು 100 ರೂಪಾಯಿ. ಮಾರುವ ಬೆಲೆ 130, ಮನೆಗೆ ಬಂದು ಒಯ್ದರೆ 115. ಧಾರವಾಡದ ಒಳಗೆ ಮೂರು ಚೀಲಕ್ಕಿಂತ ಕಡಿಮೆ ಕಳಿಸಲ್ಲ, ಹುಬ್ಬಳ್ಳಿಗೆ ಐದು.

ಬೆಲೆ ಏರಿಸಿದ ಕೂಡಲೇ ಮಾತು ಶುರು. "ಕಟ್ಟಿಗಿ ಅಡ್ಡೆಯೊಳಗ ಕೆಜಿಗೆ ಎಂಟು ರೂಪಾಯಿ, ನಿಮ್ದು ಹದಿಮೂರಾ?" ಕೇಳೋದು ಸರಿಯೇ, ಅಲ್ವಾ? ನಾನು ವಾದ ಮಾಡಲ್ಲ. ಎರಡು ತುಂಡು ಕೈಗೆ ಕೊಟ್ಟು ಒಂದಕ್ಕೊಂದು ಬಡಿಯಲು ಹೇಳುತ್ತೇನೆ. ಒಣಗಿದ್ದು ಠಣ್ ಅನ್ನುತ್ತದೆ, ಹಸಿಯದ್ದು ದಪ್ ಅನ್ನುತ್ತದೆ. ಹಸಿ ಕಟ್ಟಿಗೆ ಒಲೆಗೆ ಹಾಕಿದರೆ ಬೆಂಕಿ ಮೊದಲು ಅದರೊಳಗಿನ ನೀರನ್ನೇ ಕಾಯಿಸಿ ಆವಿ ಮಾಡಬೇಕು, ನಮ್ಮ ಹಂಡೆ ನೀರಿನ ಸರದಿ ಆಮೇಲೆ. ಮಾಳಮಡ್ಡಿಯ ಒಬ್ಬ ಕಾಕು ತಮ್ಮ ಸ್ನಾನದ ನೀರು ಕಾಯಿಸುವ ಬಂಬಿಗೆ ಒಂದು ವಾರ ಉರಿಸಿ ಫೋನ್ ಮಾಡಿದರು: "ಹೊಗಿ ಇಲ್ಲ ನೋಡಪಾ, ಕಣ್ಣ ಉರಿಯಂಗಿಲ್ಲ." ಆ ಓಣಿಯಿಂದಲೇ ಈಗ ಆರು ಮನೆ.

ಖಾನಾವಳಿಯವರಿಗೆ ಚೀಲ ಬೇಡ, ಅವರು ಕ್ವಿಂಟಲ್ ಲೆಕ್ಕದಲ್ಲಿ ಬಿಡಿ ಕಟ್ಟಿಗೆ ಕೇಳುತ್ತಾರೆ. ಆ ದರಕ್ಕೆ ನನಗೆ ಪೂರೈಸಲ್ಲ, ಬಿಟ್ಟುಬಿಟ್ಟೆ. ಚೀಲ ಬೇಕಾಗಿರೋದು ಬಂಬು ಇರುವ ಮನೆಗೆ ಮತ್ತು ಬಾಣಂತಿ ಇರುವ ಮನೆಗೆ. ಬಾಣಂತಿ ಮನೆಯಲ್ಲಿ ದಿನಾ ಹಂಡೆ ತುಂಬ ನೀರು ಕಾಯಬೇಕು, ಬಚ್ಚಲಲ್ಲಿ ಹೊಗೆ ಆಗಬಾರದು, ಕಟ್ಟಿಗೆ ಸೀಳಲು ಮನೆಯಲ್ಲಿ ಯಾರಿಗೂ ಪುರುಸೊತ್ತಿರಲ್ಲ.

ತೂಕದ ವಿಷಯದಲ್ಲಿ ನಾನು ಬಹಳ ಗಟ್ಟಿ. ಅರೆ ಒಣಗಿದ್ದನ್ನು ಹತ್ತು ಕೆಜಿ ಅಂತ ತುಂಬಿದರೆ ಗಿರಾಕಿ ಮನೆಯಲ್ಲಿ ಅದು ಒಂಬತ್ತಾಗುತ್ತದೆ. ಅದಕ್ಕೇ ರಾಶಿಯ ನಡುವಿನ ಐದು ತುಂಡಿಗೆ ಸುಣ್ಣದಲ್ಲಿ ಗುರುತು ಹಾಕಿ ವಾರಕ್ಕೊಮ್ಮೆ ತೂಗುತ್ತೇನೆ, ತೂಕ ಇಳಿಯೋದು ನಿಂತ ಮೇಲೆಯೇ ಚೀಲಕ್ಕೆ. ತಕ್ಕಡಿಗೆ ಅವಧಿ ಮುಗಿಯುವ ಮೊದಲೇ ಅಳತೆ-ತೂಕ ಇಲಾಖೆಯ ಮುದ್ರೆ ಹಾಕಿಸಬೇಕು. ಚೀಲದ ಚೀಟಿಯಲ್ಲಿ ನಿವ್ವಳ ತೂಕ, ಎಂಆರ್‌ಪಿ, ತುಂಬಿದ ತಿಂಗಳು, ವಿಳಾಸ, ಫೋನ್ ನಂಬರ್ ಎಲ್ಲ ಇದೆ.

ಈ ತಿಂಗಳ ತಪ್ಪು ಒಂದಿದೆ. ಮೊದಲ ಮಳೆಗೆ ಗಾಬರಿಯಾಗಿ ಎರಡನೇ ರಾಶಿಗೆ ನೆಲದವರೆಗೂ ತಾಡಪತ್ರಿ ಹೊದಿಸಿ ಕಟ್ಟಿದೆ. ಹತ್ತು ದಿನಕ್ಕೆ ಬಿಚ್ಚಿ ನೋಡಿದರೆ ಒಳಗೆಲ್ಲ ಬಿಳಿ ಬೂಸ್ಟು. ಈಗ ಕೆಳಗೆ ಇಟ್ಟಿಗೆ, ಮೇಲೆ ತಗಡು, ನಾಲ್ಕೂ ಕಡೆ ಸುಮ್ನೆ ಬಯಲು. ಎರಚಲಿಗೆ ಅಂಚಿನ ತುಂಡು ತೋಯ್ದರೂ ಬಿಸಿಲು ಬಿದ್ದ ದಿನ ಆರಿಬಿಡುತ್ತದೆ.

ಒಣಗಿದ್ದು ಈಗ 41 ಚೀಲ ಉಳಿದಿದೆ. ಸಪ್ತಾಪುರದ ಒಂದು ಮನೆಯಲ್ಲಿ ಮುಂದಿನ ವಾರ ಹೆರಿಗೆ, ಅವರಿಗೆ ಹನ್ನೆರಡು ತೆಗೆದಿಟ್ಟಿದ್ದೇನೆ. ಉಳಿದದ್ದು ಮಳೆಗಾಲ ಪೂರ್ತಿ ಸಾಲಲ್ಲ. ಬರುವ ವರ್ಷ ಲೋಡ್ ಡಿಸೆಂಬರಿಗೇ ತರಿಸಬೇಕು, ಒಂದಲ್ಲ, ಮೂರು ಟನ್.