ಇಂಟರ್ನ್ ಕೈಗೆ ಮೊದಲು ಬರುವುದು ತಾರೀಖುಗಳ ಪಟ್ಟಿ

ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ದುಡಿಯುವ ಕ್ರೈಸ್ತ ಮಾನವ ಹಕ್ಕು ಸಂಸ್ಥೆಗೆ ಇಂಟರ್ನ್ ಆಗಿ ಸೇರುವವರ ಕಣ್ಣಮುಂದೆ ಸಾಮಾನ್ಯವಾಗಿ ಇರುವುದು ಜಿನೀವಾದ ವಿಶ್ವಸಂಸ್ಥೆಯ ಸಭಾಂಗಣ, ಮೈಕು, ಸಂಸದರ ಜೊತೆ ಮಾತುಕತೆ. ಕೈಗೆ ಬರುವುದು ಮಾತ್ರ ಒಂದು ಸ್ಪ್ರೆಡ್‌ಶೀಟ್. ಯಾರನ್ನು ಹಿಡಿದರು, ಯಾವ ದಿನ, ಎಲ್ಲಿ, ಯಾವ ಕಲಮಿನಡಿ, ಈಗ ಎಲ್ಲಿಟ್ಟಿದ್ದಾರೆ, ಮುಂದಿನ ವಿಚಾರಣೆ ಯಾವಾಗ. ಇದು ಗುಮಾಸ್ತೆಯ ಕೆಲಸ ಎಂದು ಮೂಗು ಮುರಿಯುವವರು ಮೂರು ತಿಂಗಳಾದರೂ ಏನೂ ಕಲಿಯದೆ ಹೋಗುತ್ತಾರೆ. ಸಂಸ್ಥೆಯ ಮಾತಿಗೆ ತೂಕ ಬರುವುದೇ ಆ ಹಾಳೆಯಿಂದ.

ಕ್ರೈಸ್ತ ಮಹಿಳೆ ಆಸಿಯಾ ಬೀಬಿಯ ಪ್ರಕರಣವನ್ನೇ ನೋಡಿ. ಪಾಕಿಸ್ತಾನದ ಪಂಜಾಬಿನ ಒಂದು ಹಳ್ಳಿಯಲ್ಲಿ, ಹಣ್ಣು ಬಿಡಿಸುತ್ತಿದ್ದ ಹೆಂಗಸರ ನಡುವೆ ಕುಡಿಯುವ ನೀರಿನ ವಿಚಾರಕ್ಕೆ ಮಾತಿಗೆ ಮಾತು ಬೆಳೆದದ್ದು 2009ರ ಜೂನ್ 14ರಂದು. ಆಕೆಯ ಮೇಲೆ ಧರ್ಮನಿಂದನೆಯ ಎಫ್‌ಐಆರ್ ದಾಖಲಾದದ್ದು ಜೂನ್ 19ರಂದು. 2010ರ ನವೆಂಬರ್‌ನಲ್ಲಿ ಕೆಳ ಕೋರ್ಟು ಮರಣದಂಡನೆ ಕೊಟ್ಟಿತು, 2014ರ ಅಕ್ಟೋಬರ್‌ನಲ್ಲಿ ಲಾಹೋರ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಖುಲಾಸೆ ಮಾಡಿತು. ಹೊಸಬರು ಟೈಮ್‌ಲೈನ್ ಮಾಡುವಾಗ ಮೊದಲ ಎರಡು ತಾರೀಖುಗಳನ್ನು ಸೇರಿಸಿ ‘ಜೂನ್ 2009: ಬಂಧನ’ ಎಂದು ಒಂದೇ ಸಾಲು ಬರೆದು ಮುಗಿಸುತ್ತಾರೆ. ಆದರೆ ಆ ಐದು ದಿನಗಳ ವಿಳಂಬಕ್ಕೆ ಸರಿಯಾದ ಕಾರಣ ಸಿಗದೇ ಇದ್ದದ್ದು, ಸಾಕ್ಷಿಗಳು ಒಬ್ಬರಿಗೊಬ್ಬರು ವಿರುದ್ಧವಾಗಿ ಹೇಳಿದ್ದು, ಇವೆರಡನ್ನೂ ಸುಪ್ರೀಂ ಕೋರ್ಟು ತನ್ನ ತೀರ್ಪಿನಲ್ಲಿ ಗಣನೆಗೆ ತೆಗೆದುಕೊಂಡಿತು. ಘಟನೆಯ ದಿನ, ದೂರಿನ ದಿನ, ಬಂಧನದ ದಿನ ಎಂದು ಮೂರು ಬೇರೆ ಬೇರೆ ಸಾಲು ಇಡಬೇಕಾದ್ದು ಇದಕ್ಕೇ. ಆಕೆಯ ಪರ ಮಾತಾಡಿದ ರಾಜ್ಯಪಾಲ ಸಲ್ಮಾನ್ ತಸೀರ್ ಮತ್ತು ಸಚಿವ ಶಹಬಾಜ್ ಭಟ್ಟಿ 2011ರಲ್ಲಿ ಕೊಲೆಯಾದದ್ದು ಬಹಳ ದೊಡ್ಡ ಸಂಗತಿಯೇ. ಆದರೂ ಅದು ಪ್ರಕರಣದ ಸಾಲಲ್ಲ, ಹಿನ್ನೆಲೆಯ ಸಾಲು. ಅದಕ್ಕೆ ಪ್ರತ್ಯೇಕ ಕಾಲಂ ಮಾಡಿ.

ಪ್ರತಿ ಸಾಲಿಗೂ ಕನಿಷ್ಠ ಐದು ಕಾಲಂ ಬೇಕು: ತಾರೀಖು, ನಡೆದದ್ದು, ಯಾರು ಹೇಳಿದ್ದು, ಎಷ್ಟು ಖಚಿತ, ಹೊರಗೆ ಹೇಳಬಹುದೇ. ಕೊನೆಯದನ್ನು ಬಿಟ್ಟರೆ ಎಂದಾದರೂ ಅನಾಹುತ ಕಟ್ಟಿಟ್ಟದ್ದು. ಪದಗಳಲ್ಲೂ ಜಿಪುಣತನ ಇರಲಿ. ವಶಕ್ಕೆ ತೆಗೆದುಕೊಂಡರು, ಬಂಧಿಸಿದರು, ದೋಷಾರೋಪ ಹೊರಿಸಿದರು, ಶಿಕ್ಷೆ ವಿಧಿಸಿದರು: ಈ ನಾಲ್ಕೂ ಬೇರೆ ಬೇರೆ ಘಟ್ಟಗಳು. ಆರೋಪಪಟ್ಟಿಯೇ ಇಲ್ಲದೆ ಇಟ್ಟುಕೊಂಡಿರುವವರನ್ನು ‘ಶಿಕ್ಷೆಗೊಳಗಾದ ಪಾಸ್ಟರ್’ ಎಂದು ಬರೆದರೆ, ಆ ದೇಶದ ರಾಯಭಾರಿ ಆ ಒಂದು ಪದ ಹಿಡಿದುಕೊಂಡು ಇಡೀ ವರದಿಯನ್ನೇ ತಳ್ಳಿಹಾಕುತ್ತಾನೆ.

ತಾರೀಖುಗಳ ಇನ್ನೊಂದು ಬಲೆ ಪಂಚಾಂಗದ್ದು. ಇರಾನಿನ ಕೋರ್ಟು ಕಾಗದದಲ್ಲಿ ‘25 ದೇಯ್ 1402’ ಎಂದಿರುತ್ತದೆ. ವರ್ಷಕ್ಕೆ 621 ಕೂಡಿಸಬೇಕೆಂದು ಎಲ್ಲೋ ಓದಿದ ಇಂಟರ್ನ್ 2023 ಎಂದು ಬರೆದುಬಿಡುತ್ತಾರೆ. ಇರಾನಿನ ವರ್ಷ ಶುರುವಾಗುವುದು ಮಾರ್ಚ್ 20 ಅಥವಾ 21ಕ್ಕೆ. ನಮ್ಮ ಜನವರಿ ಬರುವುದು ಅವರ ದೇಯ್ ತಿಂಗಳ ನಡುವೆ. ಹಾಗಾಗಿ ದೇಯ್ ತಿಂಗಳ ಮೊದಲ ಹತ್ತು ಹನ್ನೊಂದು ದಿನ ಕಳೆದ ಮೇಲೆ ವರ್ಷದ ಕೊನೆಯವರೆಗೂ 622 ಕೂಡಿಸಬೇಕು. ಆ ದಿನ 2024ರ ಜನವರಿ 15. ಇಥಿಯೋಪಿಯಾದ ಪಂಚಾಂಗ ಏಳೆಂಟು ವರ್ಷ ಹಿಂದಿದೆ, ತಿಂಗಳು ಹದಿಮೂರು. ಅಲ್ಲಿ ಗಂಟೆಯ ಎಣಿಕೆಯೂ ಸೂರ್ಯೋದಯದಿಂದ ಶುರು, ‘ಬೆಳಿಗ್ಗೆ ಮೂರು ಗಂಟೆಗೆ ಬಂದರು’ ಎಂದರೆ ಒಂಬತ್ತು ಗಂಟೆ. ನಡುರಾತ್ರಿ ದಾಳಿ ಎಂದು ಬರೆದು ಕಳಿಸಿದ್ದು ಹಾಡಹಗಲಿನ ಘಟನೆಯಾಗಿರಬಹುದು. ಮೂಲ ಕಾಗದದಲ್ಲಿದ್ದ ತಾರೀಖನ್ನು ಹಾಗೇ ಒಂದು ಕಾಲಂನಲ್ಲಿ ಉಳಿಸಿ, ಪಕ್ಕದಲ್ಲಿ ಬದಲಿಸಿದ್ದನ್ನು ಬರೆಯಿರಿ. ಹೆಸರಿಗೂ ಇದೇ ಮಾತು: ಆಸಿಯಾ ಬೀಬಿಯೇ ಕಾಗದಪತ್ರಗಳಲ್ಲಿ ಆಸಿಯಾ ನೊರೀನ್. ಒಬ್ಬರೇ ವ್ಯಕ್ತಿ ಎರಡು ಕಾಗುಣಿತದಲ್ಲಿ ಬಂದು ಇಬ್ಬರು ಕೈದಿಗಳಾಗಿ ಲೆಕ್ಕಕ್ಕೆ ಸೇರುವುದು ಅಪರೂಪವೇನಲ್ಲ.

ಸುದ್ದಿಯ ಮೂಲ ಹುಡುಕುವಾಗ ಹತ್ತು ವೆಬ್‌ಸೈಟ್ ಒಂದೇ ಮಾತು ಹೇಳಿದರೆ ಖುಷಿಪಡಬೇಡಿ. ಒಂದನ್ನು ನೋಡಿ ಒಂಬತ್ತು ನಕಲು ಹೊಡೆದಿರುತ್ತವೆ. ಮೊದಲು ಬರೆದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಹಿಂದೆ ಹಿಂದೆ ಹೋಗಿ. ‘ಹನ್ನೆರಡು ಚರ್ಚ್ ಸುಟ್ಟರು’ ಎಂದಿದ್ದರೆ ಅದು ಕಟ್ಟಡವೋ, ಮನೆಯ ಹಜಾರದಲ್ಲಿ ಸೇರುತ್ತಿದ್ದ ಸಭೆಯೋ, ಒಂದೇ ಆವರಣದ ಹನ್ನೆರಡು ಕೋಣೆಯೋ ಕೇಳಬೇಕು. ಜಮೀನು, ನೀರು, ಜನಾಂಗ, ಧರ್ಮ ಎಲ್ಲ ಹೆಣೆದುಕೊಂಡ ಹಿಂಸೆಯಲ್ಲಿ ‘ನಂಬಿಕೆಗಾಗಿ ಕೊಂದರು’ ಎನ್ನುವುದಕ್ಕೆ ಮುಂಚೆ ದಾಳಿಕೋರರು ಏನು ಕೂಗಿದರು, ಯಾರ ಮನೆ ಬಿಟ್ಟು ಯಾರ ಮನೆಗೆ ನುಗ್ಗಿದರು ಎಂಬುದನ್ನು ಬರೆಯಿರಿ. ಉದ್ದೇಶ ಏನೆಂದು ಓದುವವರಿಗೇ ತಿಳಿಯುತ್ತದೆ.

ಇನ್ನು ಕಾನೂನು. ಪದವಿಯಲ್ಲಿ ಓದಿರದಿದ್ದರೂ ಪರವಾಗಿಲ್ಲ, ಆದರೆ ಮೂರು ಪಠ್ಯಗಳನ್ನು ಒಂದರ ಪಕ್ಕ ಒಂದಿಟ್ಟು ಓದದೆ ಕೆಲಸಕ್ಕೆ ಕೂರಬೇಡಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ಧರ್ಮವನ್ನು ‘ಬದಲಿಸುವ’ ಸ್ವಾತಂತ್ರ್ಯ ಎಂದು ಬಿಚ್ಚಿ ಹೇಳುತ್ತದೆ. ಆ ಮಾತು ಸೇರುವಂತೆ ಪಟ್ಟು ಹಿಡಿದವರು ಲೆಬನಾನಿನ ಪ್ರತಿನಿಧಿ ಚಾರ್ಲ್ಸ್ ಮಲಿಕ್. ಸೌದಿ ಅರೇಬಿಯಾ ಆ ಘೋಷಣೆಗೆ ಮತ ಹಾಕದೆ ತಟಸ್ಥವಾಗಿ ಉಳಿಯಿತು. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಬರುವಷ್ಟರಲ್ಲಿ ಆ ಪದ ಮಾಯ, ‘ಹೊಂದುವ ಅಥವಾ ಸ್ವೀಕರಿಸುವ’ ಎಂದಾಯಿತು. 1981ರ ಅಸಹಿಷ್ಣುತೆ ನಿವಾರಣೆಯ ಘೋಷಣೆಯಲ್ಲಿ ಬರೀ ‘ಹೊಂದುವ’. ಮತಾಂತರವಾದವರ ಪ್ರಕರಣದಲ್ಲಿ ಎದುರು ಪಕ್ಷ ಬೆರಳಿಡುವುದು ಇಲ್ಲೇ. ಉತ್ತರ ಇರುವುದು 1993ರ 22ನೇ ಸಾಮಾನ್ಯ ಟಿಪ್ಪಣಿಯಲ್ಲಿ: ಹೊಂದುವ, ಸ್ವೀಕರಿಸುವ ಸ್ವಾತಂತ್ರ್ಯ ಎಂದರೆ ಇರುವ ಧರ್ಮವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದೂ, ನಾಸ್ತಿಕರಾಗುವುದೂ ಸೇರಿದೆ ಎಂದು, ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಅದರ 5ನೇ ಪ್ಯಾರಾದಲ್ಲಿ ಸ್ಪಷ್ಟಮಾಡಿದೆ.

ಅದೇ ಟಿಪ್ಪಣಿಯ 8ನೇ ಪ್ಯಾರಾವನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಬೇಕು. ಒಡಂಬಡಿಕೆಯ ಪ್ರಕಾರ ನಂಬಿಕೆಯ ಮೇಲೆ ನಿರ್ಬಂಧ ಸಾಧ್ಯವೇ ಇಲ್ಲ, ಅದರ ಆಚರಣೆಯ ಮೇಲೆ ಮಾತ್ರ ಸಾಧ್ಯ. ಅದೂ ಕಾನೂನಿನಲ್ಲಿ ಬರೆದಿರಬೇಕು, ಅಗತ್ಯವಿರಬೇಕು, ಕಾರಣ ಐದರಲ್ಲಿ ಒಂದಾಗಿರಬೇಕು: ಸಾರ್ವಜನಿಕ ಸುರಕ್ಷತೆ, ಸುವ್ಯವಸ್ಥೆ, ಆರೋಗ್ಯ, ನೈತಿಕತೆ, ಇತರರ ಮೂಲಭೂತ ಹಕ್ಕು. ಈ ಪಟ್ಟಿಯಲ್ಲಿ ರಾಷ್ಟ್ರೀಯ ಭದ್ರತೆ ಇಲ್ಲ. ಅದೇ ಒಡಂಬಡಿಕೆಯಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ 19ನೇ ವಿಧಿಯಲ್ಲಿ ಇದೆ, ಧರ್ಮದ 18ನೇ ವಿಧಿಯಲ್ಲಿ ಇಲ್ಲ. ಮನೆಯಲ್ಲಿ ಪ್ರಾರ್ಥನೆಗೆ ಸೇರಿದವರ ಮೇಲೆ ‘ದೇಶದ ಭದ್ರತೆಗೆ ಧಕ್ಕೆ’ ಎಂಬ ಆರೋಪ ಹೊರಿಸುವ ಸರ್ಕಾರಗಳಿಗೆ ತೋರಿಸಬೇಕಾದ್ದು ಈ ಖಾಲಿ ಜಾಗವನ್ನೇ. ಎಷ್ಟೋ ಕರಡುಗಳಲ್ಲಿ ಇಂಟರ್ನ್‌ಗಳು ಎರಡೂ ವಿಧಿಗಳ ಪಟ್ಟಿಯನ್ನು ಬೆರೆಸಿ, ತಾವೇ ಎದುರು ಪಕ್ಷಕ್ಕೆ ಅಸ್ತ್ರ ಕೊಟ್ಟುಬಿಟ್ಟಿರುತ್ತಾರೆ.

ಕ್ರೈಸ್ತ ಸಂಸ್ಥೆ ಎಂದಮೇಲೆ ಕ್ರೈಸ್ತರ ಕೇಸುಗಳಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕೆಲವು ಸಂಸ್ಥೆಗಳು ಹಾಗೇ ಇವೆ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ‘ಎಲ್ಲರಿಗೂ ಧಾರ್ಮಿಕ ಸ್ವಾತಂತ್ರ್ಯ’ ಎಂದು ಬೋರ್ಡು ಹಾಕಿಕೊಂಡ ಕಡೆ, ಅರ್ಜಿ ಹಾಕುವ ಮುಂಚೆ ಅವರ ಹಿಂದಿನ ಒಂದು ವರ್ಷದ ಹೇಳಿಕೆಗಳನ್ನು ತೆಗೆದು ಎಣಿಸಿ ನೋಡಿ: ಇರಾನಿನ ಬಹಾಯಿಗಳು, ಪಾಕಿಸ್ತಾನದ ಅಹ್ಮದಿಗಳು, ಮ್ಯಾನ್ಮಾರಿನ ರೋಹಿಂಗ್ಯಾಗಳು, ಧರ್ಮವೇ ಬೇಡ ಎಂದವರು ಎಷ್ಟು ಬಾರಿ ಬಂದಿದ್ದಾರೆ? ಇದು ಬರೀ ಔದಾರ್ಯದ ಪ್ರಶ್ನೆಯಲ್ಲ. ಇರಾನಿನ ಸಂವಿಧಾನದ 13ನೇ ವಿಧಿ ಮಾನ್ಯ ಮಾಡುವ ಅಲ್ಪಸಂಖ್ಯಾತರು ಜರತುಷ್ಟ್ರರು, ಯಹೂದಿಗಳು, ಕ್ರೈಸ್ತರು ಮಾತ್ರ. ಬಹಾಯಿಗಳು ಹೊರಗೆ. ಕ್ರೈಸ್ತರು ಎಂಬಲ್ಲಿಯೂ ರಕ್ಷಣೆ ಸಿಗುವುದು ಅರ್ಮೇನಿಯನ್, ಅಸ್ಸಿರಿಯನ್ ಮನೆತನಗಳಲ್ಲಿ ಹುಟ್ಟಿದವರಿಗೆ, ಮುಸ್ಲಿಂ ಮನೆಯಿಂದ ಬಂದು ಕ್ರೈಸ್ತರಾದವರಿಗಲ್ಲ. ಬಹಾಯಿಗಳ ಕೇಸು ತಿಳಿಯದವರಿಗೆ ಆ ಹೊಸ ಕ್ರೈಸ್ತರ ಕೇಸೂ ಪೂರ್ತಿ ತಿಳಿಯುವುದಿಲ್ಲ.

ಭದ್ರತೆಯ ತರಬೇತಿ ಮೊದಲ ವಾರವೇ ಆಗಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ಫೈಲಿನ ಹೆಸರಿನಲ್ಲಿ ವ್ಯಕ್ತಿಯ ಹೆಸರು ಬೇಡ, ಸಂಕೇತ ಸಂಖ್ಯೆ ಇರಲಿ. ಯಾವ ಸಂಖ್ಯೆ ಯಾರದ್ದು ಎಂಬ ಕೀಲಿ ಬೇರೆ ಕಡೆ, ಬೇರೆ ಪಾಸ್‌ವರ್ಡ್‌ನಲ್ಲಿ. ಫೋನಿನ ಫೋಟೋದೊಳಗೆ ತೆಗೆದ ಜಾಗ, ಹೊತ್ತು ಅಡಗಿ ಕೂತಿರುತ್ತವೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಮುಖ ಮಸುಕು ಮಾಡಿದರೆ ಸಾಲದು, ಹಿಂದಿನ ಗೋಡೆಯ ಮೇಲಿನ ಕ್ಯಾಲೆಂಡರು, ಮಗುವಿನ ಶಾಲೆಯ ಸಮವಸ್ತ್ರ, ಕಿಟಕಿಯಾಚೆಯ ಬೋರ್ಡು ಊರನ್ನು ಹೇಳಿಬಿಡುತ್ತವೆ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದು ‘ಮುಚ್ಚಿದೆ’ ಎಂದುಕೊಳ್ಳುವುದು ಅತಿ ಸಾಮಾನ್ಯ ತಪ್ಪು. ಪಟ್ಟಿಯ ಕೆಳಗಿನ ಅಕ್ಷರಗಳನ್ನು ಆಯ್ದು ಕಾಪಿ ಮಾಡಿ ಇನ್ನೊಂದು ಕಡೆ ಅಂಟಿಸಿದರೆ ಹೆಸರು ಪೂರ್ತಿ ಹೊರಬರುತ್ತದೆ. ಕಳಿಸುವ ಮುಂಚೆ ನೀವೇ ಹಾಗೆ ಮಾಡಿ ನೋಡಿ.

ಒಪ್ಪಿಗೆಯನ್ನೂ ಒಂದೇ ಮಾತಿನಲ್ಲಿ ಕೇಳಲಾಗದು. ನಮ್ಮ ಕಡತದಲ್ಲಿ ಇಟ್ಟುಕೊಳ್ಳಬಹುದೇ, ರಾಜತಾಂತ್ರಿಕರಿಗೆ ಗುಟ್ಟಾಗಿ ಹೇಳಬಹುದೇ, ಹೆಸರು ಹಾಕಿ ಪ್ರಕಟಿಸಬಹುದೇ: ಇವು ಮೂರು ಪ್ರಶ್ನೆ. ಮೂರಕ್ಕೂ ಉತ್ತರ ಮತ್ತು ಕೇಳಿದ ತಾರೀಖು ಬರೆದಿಡಿ, ಯಾಕೆಂದರೆ ವಿಚಾರಣೆಗೆ ಮುಂಚೆ ಹೂಂ ಎಂದವರು ಮೇಲ್ಮನವಿಯ ಹೊತ್ತಿಗೆ ಬೇಡ ಎನ್ನಬಹುದು. ಅಣ್ಣ ಒಪ್ಪಿದ ಎಂದರೆ ಜೈಲಿನಲ್ಲಿರುವ ತಂಗಿ ಒಪ್ಪಿದಳು ಎಂದಲ್ಲ.

ಬರವಣಿಗೆಯಲ್ಲಿ ಇಂಟರ್ನ್‌ಗೆ ಸಿಗುವ ದೊಡ್ಡ ಕೆಲಸ ಯುಪಿಆರ್ (ಯೂನಿವರ್ಸಲ್ ಪೀರಿಯಾಡಿಕ್ ರಿವ್ಯೂ) ವರದಿ. ವಿಶ್ವಸಂಸ್ಥೆಯ ಪ್ರತಿ ಸದಸ್ಯ ದೇಶವೂ ಸುಮಾರು ನಾಲ್ಕೂವರೆ ಐದು ವರ್ಷಕ್ಕೊಮ್ಮೆ ಮಿಕ್ಕ ದೇಶಗಳ ಮುಂದೆ ತನ್ನ ಹಕ್ಕುಗಳ ಲೆಕ್ಕ ಒಪ್ಪಿಸುವ ಈ ಪದ್ಧತಿ 2008ರಲ್ಲಿ ಶುರುವಾಯಿತು. ಒಂದೇ ಸಂಸ್ಥೆ ಕಳಿಸುವ ವರದಿಗೆ ಮಿತಿ 2,815 ಪದ, ಹಲವರು ಕೂಡಿ ಕಳಿಸಿದರೆ 5,630. ಇತಿಹಾಸ ಹೇಳುವುದಕ್ಕೇ ಎಂಟುನೂರು ಪದ ಸುರಿದು, ಶಿಫಾರಸಿಗೆ ಜಾಗವಿಲ್ಲದೆ ಒದ್ದಾಡುವುದು ಮೊದಲ ಕರಡಿನ ಮಾಮೂಲಿ ಗತಿ. ಶಿಫಾರಸಿನಿಂದಲೇ ಶುರುಮಾಡಿ, ಹಿಂದಕ್ಕೆ ಬರೆಯುತ್ತಾ ಬನ್ನಿ. ‘ಧಾರ್ಮಿಕ ಸ್ವಾತಂತ್ರ್ಯವನ್ನು ಗೌರವಿಸಬೇಕು’ ಎಂಬುದನ್ನು ಯಾವ ಸರ್ಕಾರವೂ ಸಂತೋಷದಿಂದ ಒಪ್ಪಿಕೊಂಡು ಏನೂ ಮಾಡದೆ ಸುಮ್ಮನಿರುತ್ತದೆ. ಯಾವ ಕಾಯ್ದೆಯ ಯಾವ ಕಲಂ ರದ್ದಾಗಬೇಕು, ನೋಂದಣಿಗೆ ಕೇಳುವ ಯಾವ ಷರತ್ತು ಹೋಗಬೇಕು ಎಂದು ಬರೆದರೆ ಮುಂದಿನ ಸುತ್ತಿನಲ್ಲಿ ಆಯಿತೋ ಇಲ್ಲವೋ ನೋಡಬಹುದು. ಸಭೆಯಲ್ಲಿ ಶಿಫಾರಸು ಮಾಡುವ ಒಂದೊಂದು ದೇಶಕ್ಕೆ ಸಿಗುವ ಮಾತಿನ ಸಮಯ ತೀರಾ ಕಡಿಮೆ. ಆದ್ದರಿಂದ ಪ್ರತಿ ಶಿಫಾರಸೂ ಒಂದೇ ಉಸಿರಿಗೆ ಓದುವಂತಿರಲಿ. ಉತ್ತರವಾಗಿ ಸರ್ಕಾರ ‘ಬೆಂಬಲಿಸಿದೆ’ ಅಥವಾ ‘ಗಮನಿಸಿದೆ’ ಎನ್ನುತ್ತದೆ. ಗಮನಿಸಿದೆ ಎಂದರೆ ಮರ್ಯಾದೆಯಿಂದ ಹೇಳಿದ ‘ಆಗಲ್ಲ’.

ಕೈದಿಗಳಿಗೆ ಪತ್ರ ಬರೆಸುವ ಅಭಿಯಾನವೂ ಸಾಮಾನ್ಯವಾಗಿ ಇಂಟರ್ನ್ ಪಾಲಿಗೇ ಬರುತ್ತದೆ. ಪತ್ರವನ್ನು ಮೊದಲು ಓದುವವರು ಜೈಲಿನವರು ಎಂಬುದು ನೆನಪಿದ್ದರೆ ಅರ್ಧ ಕೆಲಸ ಆದಂತೆ. ಸಂಸ್ಥೆಯ ಹೆಸರು ಬೇಡ, ಸರ್ಕಾರದ ಬಗ್ಗೆ ಒಂದು ಅಕ್ಷರವೂ ಬೇಡ, ಕೇಸಿನ ಮಾತು ಬೇಡ, ಬರೆದವರ ಮನೆ ವಿಳಾಸ ಬೇಡ. ಚಿತ್ರವಿರುವ ಕಾರ್ಡಿನಲ್ಲಿ ನಾಲ್ಕು ಸಾಲು ಸಾಕು.

ಅರ್ಜಿ, ಭತ್ಯೆ, ಪ್ರಾರ್ಥನೆ ಕುರಿತು ಹೆಚ್ಚು ಹೇಳುವುದಿಲ್ಲ. ಭತ್ಯೆ ಇದೆಯೇ, ಪ್ರಯಾಣ ಮತ್ತು ಊಟದ ಖರ್ಚಷ್ಟೇ ಕೊಡುತ್ತಾರೆಯೇ ಎಂದು ಲಿಖಿತವಾಗಿ ಕೇಳಿ. ಇಂಥ ಕಚೇರಿಗಳಲ್ಲಿ ಸಿಬ್ಬಂದಿ ಸೇರಿ ಪ್ರಾರ್ಥಿಸುವುದು ರೂಢಿ. ಎಲ್ಲರೂ ಬರಲೇಬೇಕೇ, ವಿಶ್ವಾಸದ ಹೇಳಿಕೆಗೆ ಸಹಿ ಹಾಕಬೇಕೇ ಎಂಬುದನ್ನು ಸಂದರ್ಶನದಲ್ಲೇ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಚಿತ್ರಹಿಂಸೆಯ ಹೇಳಿಕೆಗಳನ್ನು ದಿನವಿಡೀ ಓದಬೇಕಾದ ಕೆಲಸವಾದರೆ, ಅದನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಸಂಜೆ ಓದಿ ಮನೆಗೆ ಹೋದರೆ ಅದು ರಾತ್ರಿ ನಿದ್ದೆಗೂ ಬೆನ್ನುಹತ್ತಿ ಬರುತ್ತದೆ. ವೀಡಿಯೊ ನೋಡಲೇಬೇಕಾದರೆ ಮೊದಲ ಸಲ ಧ್ವನಿ ಬಂದ್ ಮಾಡಿ ನೋಡಿ.

ಕೊನೆಯ ಎರಡು ವಾರ ಹೊಸ ಕೇಸು ತೆಗೆದುಕೊಳ್ಳಬೇಡಿ. ಕೈಯಲ್ಲಿರುವ ಪ್ರತಿ ಕೇಸಿನ ಕೊನೆಯ ಸಾಲಿಗೆ ಹೋಗಿ, ಮುಂದಿನ ವಿಚಾರಣೆಯ ತಾರೀಖು ತುಂಬಿದೆಯೇ ನೋಡಿ. ಖಾಲಿ ಇದ್ದರೆ ಏಕೆ ಖಾಲಿ ಎಂದು ಬರೆಯಿರಿ: ಕೋರ್ಟು ಇನ್ನೂ ಗೊತ್ತುಮಾಡಿಲ್ಲವೇ, ವಕೀಲರು ಫೋನ್ ಎತ್ತುತ್ತಿಲ್ಲವೇ, ಕೊನೆಯ ಬಾರಿ ವಿಚಾರಿಸಿದ್ದು ಯಾವತ್ತು. ನಿಮ್ಮ ಜಾಗಕ್ಕೆ ಬರುವವರು ಸೋಮವಾರ ಬೆಳಿಗ್ಗೆ ಮೊದಲು ತೆರೆಯುವುದು ಆ ಕಾಲಂ.