ತಾಕೆಚಿಯೋ, ಕಾತ್ಸುವೋ

2024 ಆಗಸ್ಟ್ 18, ಭಾನುವಾರ

ಇವತ್ತು ಪೂರ್ತಿ ಸಕಾಮೊತೊ ರಿಯೋಮಾನ ಗುಂಗಿನಲ್ಲೇ ಕಳೆದೆ. 1836ರಲ್ಲಿ ಜಪಾನಿನ ತೋಸಾ ಪ್ರಾಂತ್ಯದಲ್ಲಿ ಹುಟ್ಟಿದ ಕೆಳದರ್ಜೆಯ ಸಮುರಾಯ್ ಹುಡುಗ. ಅವನನ್ನು ಮೆಚ್ಚುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕುತೂಹಲ ಅವನನ್ನು ತಿದ್ದಿದವರ ಮೇಲೆ.

ಮೊದಲನೆಯವನು ತಾಕೆಚಿ ಹನ್‌ಪೇತಾ. ದೂರದ ನೆಂಟ, ಆರೇಳು ವರ್ಷ ದೊಡ್ಡವನು. ರಿಯೋಮಾ ಅವನನ್ನು ‘ದವಡೆ’ ಅಂತ ಕರೆದರೆ ಅವನು ಇವನನ್ನು ‘ಮಚ್ಚೆ’ ಅನ್ನುತ್ತಿದ್ದನಂತೆ. ಉಳಿದವರಿಗೆ ಮಾತ್ರ ತಾಕೆಚಿ ಅಂದರೆ ಭಯಭಕ್ತಿ. ಕತ್ತಿ ಕಲಿಸುತ್ತಿದ್ದ, ಕುಡಿಯುತ್ತಿರಲಿಲ್ಲ, ಬದುಕೆಲ್ಲ ಶಿಸ್ತು. 1861ರಲ್ಲಿ ಚಕ್ರವರ್ತಿಯ ಪರ ಗುಂಪು ಕಟ್ಟಿದಾಗ ಸುಮಾರು 200 ಜನ ಹೆಸರಿನ ಮುಂದೆ ರಕ್ತದ ಗುರುತು ಹಾಕಿದರು, ರಿಯೋಮಾನೂ ಹಾಕಿದ. ಮೇಲಿನವರ ತಾತ್ಸಾರ ತಿಂದು ಬೆಳೆದ ಹುಡುಗರಿಗೆ ತಲೆಯೆತ್ತಿ ನಿಲ್ಲುವುದನ್ನು ಕಲಿಸಿದ್ದು ತಾಕೆಚಿ, ಇದನ್ನು ಯಾರೂ ಕಿತ್ತುಕೊಳ್ಳಲಾಗದು.

ಆದರೆ ಅವನ ದಾರಿ ಕೊಲೆಯ ದಾರಿ. 1862ರಲ್ಲಿ ತೋಸಾದ ಹಿರಿಯ ಅಧಿಕಾರಿ ಯೋಶಿದಾ ತೋಯೋನನ್ನು ಅವನ ಹುಡುಗರೇ ಕೊಂದರು. ಅದಕ್ಕೆ ಸ್ವಲ್ಪ ಮೊದಲು ರಿಯೋಮಾ ಪ್ರಾಂತ್ಯ ಬಿಟ್ಟು ಓಡಿದ್ದ. ಆಗ ಅದೂ ದೊಡ್ಡ ಅಪರಾಧವೇ.

ಆ ವರ್ಷದ ಕೊನೆಗೆ ಸಿಕ್ಕಿದ್ದು ಕಾತ್ಸು ಕಾಯಿಶು. ಚಕ್ರವರ್ತಿಯ ಹೆಸರಿನಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿ ಶೋಗುನ್‌ನ ನೌಕಾ ಅಧಿಕಾರಿ, 1860ರಲ್ಲಿ ಕಾನ್ರಿನ್ ಮಾರು ಹಡಗಿನಲ್ಲಿ ಅಮೆರಿಕಕ್ಕೆ ಹೋಗಿಬಂದವನು. ರಿಯೋಮಾ ತನ್ನನ್ನು ಕೊಲ್ಲಲು ಬಂದು ಶಿಷ್ಯನಾದ ಅಂತ ಕಾತ್ಸುನೇ ಹೇಳಿಕೊಂಡಿದ್ದಾನೆ, ಈ ಮನುಷ್ಯನಿಗೆ ಬಡಾಯಿ ಸ್ವಲ್ಪ ಜಾಸ್ತಿ, ನಾನು ಪೂರ್ತಿ ನಂಬುವುದಿಲ್ಲ. ಆದರೆ ಮರುವರ್ಷ ಅಕ್ಕ ಒತೋಮೆಗೆ ಬರೆದ ಪತ್ರ ಸುಳ್ಳಲ್ಲವಲ್ಲ! ಜಪಾನಿನಲ್ಲೇ ಮೊದಲನೆಯ ಮನುಷ್ಯನ ಶಿಷ್ಯನಾಗಿದ್ದೇನೆ ಅಂತ ಬೀಗುತ್ತಾನೆ. ಕಾತ್ಸು ರಕ್ತದ ಗುರುತಿನ ಪ್ರಮಾಣ ಕೇಳಲಿಲ್ಲ, ಕೆಲಸ ಕೊಟ್ಟ. ನೌಕಾ ಶಾಲೆಗೆ ಹಣ ಬೇಕಿತ್ತು, ಎಚಿಜೆನ್ ಪ್ರಾಂತ್ಯದ ದೊರೆಯ ಹತ್ತಿರ ಕೇಳಿಕೊಂಡು ಬಾ ಅಂತ ಕಳಿಸಿದ್ದು ಈ ರಿಯೋಮಾನನ್ನೇ. ಓಡಿಹೋದ ತಪ್ಪಿಗೆ ತೋಸಾ ದೊರೆಯಿಂದ ಕ್ಷಮೆ ಕೊಡಿಸಿದ್ದೂ ಅವನೇ.

ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಲು ಒಕಾಡಾ ಇಜೋ ಸಾಕು. ತಾಕೆಚಿಯ ಗುಂಪಿನಲ್ಲಿ ಕೊಲೆಗಾರನೆಂದೇ ಹೆಸರಾದವನು. ಅವನು ಕ್ಯೋಟೋದಲ್ಲಿ ಒಮ್ಮೆ ಕಾತ್ಸುವಿನ ಕಾವಲಿಗಿದ್ದ. ಮೂವರು ಮೇಲೆ ಬಿದ್ದಾಗ ಒಬ್ಬನನ್ನು ಕತ್ತರಿಸಿ ಹಾಕಿದ. ಕೊಲ್ಲುವುದನ್ನೇ ಇಷ್ಟಪಡಬೇಡಪ್ಪಾ ಅಂತ ಕಾತ್ಸು ಬುದ್ಧಿ ಹೇಳಿದರೆ, ನಾನಿಲ್ಲದಿದ್ದರೆ ನಿಮ್ಮ ತಲೆ ಹಾರುತ್ತಿತ್ತಲ್ಲ ಅಂದನಂತೆ. ಕಾತ್ಸುಗೆ ಬಾಯಿ ಕಟ್ಟಿತು. ಮುಂದೆ ತೋಸಾದ ಸೆರೆಯಲ್ಲಿ ಇದೇ ಇಜೋ ಚಿತ್ರಹಿಂಸೆ ತಾಳದೆ ಗುಂಪಿನ ಕೊಲೆಗಳ ಬಗ್ಗೆ ಬಾಯಿಬಿಟ್ಟ. 1865ರಲ್ಲಿ ಅವನ ತಲೆ ಕಡಿದರು, ತಾಕೆಚಿ ಶಿಕ್ಷೆಯಾಗಿ ತಾನೇ ಹೊಟ್ಟೆ ಸೀಳಿಕೊಂಡು ಸತ್ತ, ಅದೂ ಮೂರು ಸಲ ಸೀಳಿಕೊಂಡು. ಅವನು ಜೈಲಿನಲ್ಲಿದ್ದಷ್ಟು ದಿನ ಹೆಂಡತಿ ತೋಮಿ ಮನೆಯಲ್ಲಿ ಬರೀ ಹಲಗೆಯ ಮೇಲೆ ಮಲಗಿದಳಂತೆ. ಇಂಥ ನಿಷ್ಠೆ ಹುಟ್ಟಿಸುವವನನ್ನು ಕೆಟ್ಟ ನಾಯಕ ಅನ್ನುವುದು ಹೇಗೆ? ಆದರೆ ಇಜೋಗೆ ಅವನು ಕತ್ತಿ ಬಿಟ್ಟು ಬೇರೆ ಕೆಲಸ ಏನು ಕೊಟ್ಟ?

1864ರ ಕೊನೆಗೆ ಕಾತ್ಸುವಿನ ಹುದ್ದೆ ಹೋಯಿತು, ಮರುವರ್ಷ ಕೋಬೆಯ ನೌಕಾ ಶಾಲೆಯೂ ಮುಚ್ಚಿತು. ಹುಡುಗರನ್ನು ಬೀದಿಗೆ ಬಿಡದೆ ಸತ್ಸುಮಾ ಪ್ರಾಂತ್ಯದವರ ಆಶ್ರಯಕ್ಕೆ ಸೇರಿಸಿದ. 1866ರಲ್ಲಿ ಅದೇ ಸತ್ಸುಮಾವನ್ನೂ ಚೋಶು ಪ್ರಾಂತ್ಯವನ್ನೂ ಒಂದು ಮಾಡಿಸಲು ರಿಯೋಮಾ ಓಡಾಡಿದ, ಆ ಕೂಟವೇ ಕಾತ್ಸುವಿನ ಶೋಗುನ್ ಆಡಳಿತವನ್ನು ಉರುಳಿಸಿತು. ಆದರೂ ಮುದುಕನಾದ ಮೇಲೂ ಕಾತ್ಸು ಶಿಷ್ಯನನ್ನು ಹೊಗಳುತ್ತಲೇ ಇದ್ದ.

ನನಗೆ ಕಾತ್ಸುನೇ ಇಷ್ಟ. ಆದರೆ 1861ರ ತೋಸಾದಲ್ಲಿ ಇಪ್ಪತ್ತರ ಹುಡುಗ ನಾನಾಗಿದ್ದರೆ, ಸುಮ್ನೆ ಸುಳ್ಳು ಯಾಕೆ, ತಾಕೆಚಿಯ ಹಿಂದೆಯೇ ಹೋಗುತ್ತಿದ್ದೆ.