ಥಾಮಸ್ ಫರ್ಗುಸನ್ ಎಂಬ ವಕೀಲ

ಎರಡು ದಿನಗಳಿಂದ ಥಾಮಸ್ ಸ್ಟುವರ್ಟ್ ಫರ್ಗುಸನ್ ಅವರ ಕಥೆ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಕ್ಯಾಲಿಫೋರ್ನಿಯಾದ ವಕೀಲ, ಅಪ್ಪಟ ಮಾರ್ಮನ್ ಶ್ರದ್ಧಾಳು; ಅಂದರೆ ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಜೋಸೆಫ್ ಸ್ಮಿತ್ ಸ್ಥಾಪಿಸಿದ ಧಾರ್ಮಿಕ ಪಂಥದವರು. ಪ್ರಾಚೀನ ಅಮೆರಿಕದ ಜನರ ಕಥೆ ಹೇಳುವ, ಆ ಪಂಥದ ಪವಿತ್ರ ಪುಸ್ತಕವಾದ ಮಾರ್ಮನ್ ಗ್ರಂಥದ ನಗರಗಳು ಮಧ್ಯ ಅಮೆರಿಕದ ನೆಲದಡಿ ಇದ್ದೇ ಇವೆ, ಅಗೆದು ತೋರಿಸೋಣ ಎಂದು 1952ರಲ್ಲಿ ಪುರಾತತ್ವ ಪ್ರತಿಷ್ಠಾನವನ್ನೇ ಕಟ್ಟಿದವರು. ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಉತ್ಖನನ ನಡೆಯಿತು. ವಿದ್ವಾಂಸರು ಮೆಚ್ಚುವಂಥ ಕೆಲಸವೇ ಅದು. ಆದರೆ ಗ್ರಂಥ ಹೇಳುವ ಕುದುರೆ, ಗೋಧಿ, ಉಕ್ಕಿನ ಕತ್ತಿಗಳ ಸುಳಿವು ಸಿಗಲಿಲ್ಲ.

1967ರಲ್ಲಿ ಇನ್ನೊಂದು ಪೆಟ್ಟು. ಬೈಬಲ್ಲಿನ ಅಬ್ರಹಾಮನ ಬರಹವೆಂದು ಜೋಸೆಫ್ ಸ್ಮಿತ್ ಹೇಳಿದ್ದ ಪಪೈರಸ್‌ಗಳ (ಪ್ರಾಚೀನ ಈಜಿಪ್ಟಿನ ಜೊಂಡಿನ ಕಾಗದಗಳ) ತುಣುಕುಗಳು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಿಂದ ಚರ್ಚಿನ ಕೈಸೇರಿದವು. ಫರ್ಗುಸನ್ ಅವುಗಳ ಚಿತ್ರಗಳನ್ನು ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಚೀನ ಈಜಿಪ್ಟ್ ತಜ್ಞರಿಗೆ ತೋರಿಸಿದರು. ಸತ್ತವರ ಜೊತೆ ಇಡುವ ಶವಸಂಸ್ಕಾರದ ಪಠ್ಯ ಎಂಬ ಉತ್ತರ ಬಂತು; ಅಂದರೆ ಅದು ಅಬ್ರಹಾಮನ ಬರಹವಲ್ಲ. ನಂಬಿಕೆ ಉಳಿದಿಲ್ಲವೆಂದು ಆಮೇಲೆ ಖಾಸಗಿ ಪತ್ರಗಳಲ್ಲಿ ಬರೆದರು. ಚರ್ಚಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಇದನ್ನು ಬೂಟಾಟಿಕೆ ಎನ್ನಲು ನನಗೆ ಮನಸ್ಸು ಬಾರದು. ಹೆಂಡತಿ ಮಕ್ಕಳು, ನೆಂಟರು, ಭಾನುವಾರದ ಒಡನಾಟ ಎಲ್ಲವೂ ಆ ಚರ್ಚಿನೊಂದಿಗೇ ಬೆಸೆದಿರುವಾಗ ಎದ್ದು ಹೊರನಡೆಯುವುದು ಸುಲಭವೇ? ಆ ಚಿತ್ರಗಳನ್ನು ತಜ್ಞರ ಬಳಿಗೆ ಒಯ್ದದ್ದು ಯಾರೋ ವಿರೋಧಿಯಲ್ಲ, ಇಡೀ ಆಯುಷ್ಯವನ್ನು ಆ ನಂಬಿಕೆಯ ಪರವಾಗಿ ವಾದಿಸಿದ ಮನುಷ್ಯನೇ. ನನಗೆ ಅವರ ಮೇಲೆ ಅಪಾರ ಗೌರವವಿರುವುದು ಅದಕ್ಕೇ.